ಸ್ಕ್ಯಾನ್ ಮಾಡಿದ ಆದೇಶ ನಮಗೆ ಖಾಲಿ ಹಾಳೆ: ಮುಖ್ಯ ಕಾರ್ಯದರ್ಶಿಯವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಮುಖ್ಯ ಕಾರ್ಯದರ್ಶಿಯವರಿಗೆ,

ನಮಸ್ಕಾರ.

ಈ ಪತ್ರವನ್ನು ಯಾರಾದರೊಬ್ಬ ಮಂತ್ರಿಗೆ ಬರೆಯಬಹುದಿತ್ತು. ಬೇಕೆಂದೇ ಬರೆದಿಲ್ಲ. ನಾನು ಕೇಳಹೊರಟಿರುವುದಕ್ಕೆ ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕಿಲ್ಲ, ಸಂಪುಟದ ಒಪ್ಪಿಗೆ ಬೇಕಿಲ್ಲ, ಉದ್ಘಾಟನೆಯಂತೂ ಬೇಡವೇ ಬೇಡ. ಎಲ್ಲ ಇಲಾಖೆಗಳಿಗೂ ಹೋಗುವ ಒಂದು ಸುತ್ತೋಲೆ ಸಾಕು. ಅದು ಹೊರಡಬೇಕಾದದ್ದು ನಿಮ್ಮ ಮೇಜಿನಿಂದ.

ನನಗೆ ಕಣ್ಣು ಕಾಣುವುದಿಲ್ಲ. ನನ್ನ ಹಾಗೆಯೇ ದೃಷ್ಟಿ ಇಲ್ಲದ ಯುವಕ ಯುವತಿಯರಿಗೆ ಕಂಪ್ಯೂಟರ್, ಮೊಬೈಲ್ ಬಳಸುವುದನ್ನು ಹೇಳಿಕೊಡುವುದು ನನ್ನ ಕೆಲಸ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿ ಜನ ದೃಷ್ಟಿ ಸಮಸ್ಯೆ ಇರುವವರು.

ನಮ್ಮ ಕೈಗೆ ತಂತ್ರಜ್ಞಾನ ತಲುಪಿಲ್ಲ ಎಂಬ ಹಳೆಯ ದೂರನ್ನು ನಾನು ಹೇಳುತ್ತಿಲ್ಲ. ಇವತ್ತು ಹೆಚ್ಚುಕಡಿಮೆ ಎಲ್ಲ ಆಂಡ್ರಾಯ್ಡ್ ಫೋನುಗಳಲ್ಲೂ ಟಾಕ್‌ಬ್ಯಾಕ್ ಇದೆ. ಪರದೆಯ ಮೇಲೆ ಬೆರಳಾಡಿಸಿದರೆ ಕನ್ನಡದಲ್ಲೇ ಓದಿ ಹೇಳುತ್ತದೆ. ಕಂಪ್ಯೂಟರಿಗೆ ಹೀಗೆಯೇ ಪರದೆ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವಿದೆ, ಅದೂ ಪುಕ್ಕಟೆ. ಆಸ್ಟ್ರೇಲಿಯಾದ ಮೈಕಲ್ ಕರನ್ ಎಂಬಾತ 2006ರಲ್ಲಿ ಶುರುಮಾಡಿದ್ದು, ಆಮೇಲೆ ಗೆಳೆಯ ಜೇಮ್ಸ್ ಟೇ ಜೊತೆಯಾದ. ಇಬ್ಬರೂ ಅಂಧರೇ. ಅದರಲ್ಲಿರುವ ಕನ್ನಡದ ದನಿ ಗಂಟಲಿಗೆ ತಗಡು ಸಿಕ್ಕಿಕೊಂಡವರ ಮಾತಿನಂತಿದೆ, ನಿಜ. ಆದರೂ ನಮ್ಮ ಹುಡುಗರು ಅದನ್ನು ದುಪ್ಪಟ್ಟು ವೇಗಕ್ಕಿಟ್ಟುಕೊಂಡು ಪಠ್ಯಪುಸ್ತಕ ಮುಗಿಸಿಬಿಡುತ್ತಾರೆ. ಅಂಧ ವಿದ್ಯಾರ್ಥಿಗಳಿಗೆ ‘ಟಾಕಿಂಗ್ ಲ್ಯಾಪ್‌ಟಾಪ್’ ಕೊಡುವ ಯೋಜನೆ ನಿಮ್ಮ ಸರ್ಕಾರದ್ದೇ ಇದೆ. ಒಳ್ಳೆಯ ಯೋಜನೆ. ಆದರೆ ಒಂದು ಇಲಾಖೆ ದುಡ್ಡು ಕೊಟ್ಟು ಮಾತಾಡುವ ಯಂತ್ರ ಕೊಡಿಸುತ್ತದೆ, ಉಳಿದ ಇಲಾಖೆಗಳೆಲ್ಲ ಸೇರಿ ಆ ಯಂತ್ರಕ್ಕೆ ಓದಲು ಏನೂ ಸಿಗದಂತೆ ನೋಡಿಕೊಳ್ಳುತ್ತವೆ.

ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನ ವಿದ್ಯಾರ್ಥಿನಿಯೊಬ್ಬಳು, ಪದವಿ ಮುಗಿಸಿದ ಹುಡುಗಿ, ಒಂದು ಇಲಾಖೆಯ ನೇಮಕಾತಿ ಅಧಿಸೂಚನೆ ಓದಲು ಕೂತಿದ್ದಳು. ಪಿಡಿಎಫ್ ತೆರೆಯಿತು. ಎನ್‌ವಿಡಿಎ “ಖಾಲಿ” ಎಂದಿತು. ಕೆಳಗಿನ ಬಾಣದ ಕೀಲಿ ಒತ್ತಿದಷ್ಟೂ ಖಾಲಿ, ಖಾಲಿ, ಖಾಲಿ. ಕಣ್ಣಿದ್ದವರಿಗೆ ಅಲ್ಲಿ ಲಾಂಛನ, ಮೊಹರು, ಸಹಿ ಎಲ್ಲ ಕಾಣುತ್ತಿತ್ತು. ಯಂತ್ರದ ಮಟ್ಟಿಗೆ ಅದು ಕಾಗದದ ಫೋಟೊ, ಒಳಗೆ ಒಂದು ಅಕ್ಷರವೂ ಇಲ್ಲ. ಕೊನೆಯ ಅನುಬಂಧವನ್ನು ಮಾತ್ರ ಸ್ಕ್ಯಾನ್ ಮಾಡದೆ, ಟೈಪ್ ಮಾಡಿದ್ದನ್ನೇ ಹಾಗೆ ಸೇರಿಸಿದ್ದರು. ಅದಕ್ಕೆ ಬಂದಾಗ ದನಿಯೇನೋ ಹೊರಟಿತು, ಕನ್ನಡ ಹೊರಡಲಿಲ್ಲ. ತಲೆಬರಹದ ಮೊದಲ ಪದವನ್ನು ಒಂದೊಂದೇ ಅಕ್ಷರವಾಗಿ ಓದಿಸಿದೆವು: ಪಿ, ಎ ಗ್ರೇವ್, ಪೌಂಡ್, ಎ ಅಕ್ಯೂಟ್, ಎಥ್, ಎಲ್, ಪಿ, ಎ ಗ್ರೇವ್.

ಅದು ‘ಕರ್ನಾಟಕ’.

ಹುಡುಗಿ ನಕ್ಕುಬಿಟ್ಟಳು. ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸರ್ಕಾರಿ ನೌಕರಿಯಲ್ಲಿ ಅಂಗವಿಕಲರಿಗೆ ಶೇ 4ರಷ್ಟು ಮೀಸಲಾತಿ ಇದೆ, ಅದರಲ್ಲಿ ಶೇ 1 ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ. ಆ ಹುದ್ದೆಗಳ ಪಟ್ಟಿ ಇದ್ದದ್ದು ಅದೇ ಅನುಬಂಧದಲ್ಲಿ. ಕೊನೆಗೆ ಪಕ್ಕದ ಕೋಣೆಯವರನ್ನು ಕರೆದು ಓದಿಸಿಕೊಂಡಳು.

ಈ ಪೌಂಡ್, ಗ್ರೇವ್‌ಗಳ ಹಿಂದಿನ ಕತೆ ನಿಮ್ಮ ಅಧಿಕಾರಿಗಳಿಗೆ ಗೊತ್ತಿರುತ್ತದೆ. ಕಂಪ್ಯೂಟರಿಗೆ ಕನ್ನಡವೇ ಗೊತ್ತಿರದ ಕಾಲದಲ್ಲಿ ಇಂಗ್ಲಿಷಿನ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ಕೂರಿಸಿ ಫಾಂಟ್ ಮಾಡಿದರು. ನುಡಿ, ಬರಹ, ಶ್ರೀಲಿಪಿ ಎಲ್ಲವೂ ಹಾಗೆ ಬಂದವು. ಆ ಕಾಲಕ್ಕೆ ಅದು ದೊಡ್ಡ ಕೆಲಸ. ಕನ್ನಡ ಗಣಕ ಪರಿಷತ್ತಿನವರು ನುಡಿ ಕೊಡದಿದ್ದರೆ ನಮ್ಮ ಕಚೇರಿಗಳಲ್ಲಿ ಕನ್ನಡ ಟೈಪಿಂಗ್ ಇಷ್ಟು ಬೇಗ ಬೇರೂರುತ್ತಿರಲಿಲ್ಲ. ಆದರೆ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಯುನಿಕೋಡ್ ಫಾಂಟ್, ಎಂದರೆ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತವಿರುವ ಫಾಂಟ್, ಇತ್ತು. ನುಡಿಯಲ್ಲೂ ಯುನಿಕೋಡ್ ಬಂದು ವರ್ಷಗಳೇ ಆದವು. ಯುನಿಕೋಡನ್ನೇ ಬಳಸಬೇಕೆಂದು ಸರ್ಕಾರವೇ ಹಿಂದೆ ಆದೇಶಿಸಿದೆ. ಕೀಲಿಮಣೆಯ ವಿನ್ಯಾಸ ಅದೇ, ಬೆರಳಿನ ಅಭ್ಯಾಸ ಅದೇ. ಟೈಪಿಸ್ಟ್ ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ. ಹಳೆಯ ಟೆಂಪ್ಲೇಟ್ ತೆರೆದು ದಿನಾಂಕ ಬದಲಿಸಿ ಸೇವ್ ಮಾಡುವ ರೂಢಿ ಮಾತ್ರ ಬಿಡಬೇಕು.

ಸ್ಕ್ಯಾನ್ ಪ್ರತಿಗಳ ವಿಚಾರ ಇನ್ನೂ ವಿಚಿತ್ರ. ಇ-ಆಫೀಸಿನಲ್ಲಿ ಕಡತ ಕಂಪ್ಯೂಟರಿನಲ್ಲೇ ಹುಟ್ಟುತ್ತದೆ, ಅಲ್ಲೇ ಮೇಲಕ್ಕೆ ಹೋಗುತ್ತದೆ, ಅಲ್ಲೇ ಮಂಜೂರಾಗುತ್ತದೆ. ಅಷ್ಟೆಲ್ಲ ಆದ ಮೇಲೆ ಕಟ್ಟಕಡೆಗೆ ಆದೇಶವನ್ನು ಪ್ರಿಂಟ್ ತೆಗೆದು, ಹಸಿರು ಶಾಯಿಯ ಸಹಿ ಹಾಕಿಸಿ, ಮೊಹರು ಒತ್ತಿ, ಸೊಟ್ಟಗೆ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುತ್ತಾರೆ. ಸಹಿ ಬೇಕಲ್ಲ ಎನ್ನುವವರಿಗೆ ಉತ್ತರ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಸೆಕ್ಷನ್ನಿನಲ್ಲೇ ಇದೆ: ಡಿಜಿಟಲ್ ಸಹಿಗೆ ಕೈಸಹಿಯ ಮಾನ್ಯತೆಯೇ ಇದೆ.

“ಈಗ ಒಸಿಆರ್ ಬಂದಿದೆಯಲ್ಲ, ಎಐ ಬಂದಿದೆಯಲ್ಲ, ಫೋಟೊದಿಂದಲೇ ಅಕ್ಷರ ತೆಗೆಯಬಹುದಲ್ಲ” ಎಂದು ಯಾರಾದರೂ ನಿಮಗೆ ಟಿಪ್ಪಣಿ ಬರೆದಾರು. ಬಂದಿದೆ, ಬಳಸುತ್ತೇವೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ‘ಲಿಪಿ ಜ್ಞಾನಿ’ ಎಂಬ ಕನ್ನಡದ ಒಸಿಆರ್ ರೂಪುಗೊಂಡಿದೆ. ಕತೆ, ಕಾದಂಬರಿಯಲ್ಲಿ ನಾಲ್ಕು ಒತ್ತಕ್ಷರ ತಪ್ಪಿದರೆ ಸುಧಾರಿಸಿಕೊಂಡು ಹೋಗಬಹುದು. ಸರ್ಕಾರಿ ಆದೇಶದಲ್ಲಿ ಮೊಹರಿನ ಅಡಿಯಲ್ಲಿ ಸಿಕ್ಕ ದಿನಾಂಕ, ಗೆರೆ ಎಳೆದ ಕೋಷ್ಟಕದೊಳಗಿನ ವಯೋಮಿತಿ, ಸೊನ್ನೆಯೋ ಅನುಸ್ವಾರವೋ ತಿಳಿಯದ ಒಂದು ದುಂಡು, ಇವು ತಪ್ಪಿದರೆ ಅರ್ಜಿಯೇ ತಿರಸ್ಕಾರವಾಗುತ್ತದೆ. ಇಷ್ಟಕ್ಕೂ ನಿಮ್ಮ ಕಚೇರಿಯಲ್ಲೇ ಇದ್ದ ಅಕ್ಷರಗಳನ್ನು ಅಳಿಸಿ ಕೊಟ್ಟು, ಮತ್ತೆ ಊಹಿಸಿಕೊಳ್ಳಿ ಎಂದು ನಮಗೆ ಹೇಳುವುದರಲ್ಲಿ ಏನು ಅರ್ಥವಿದೆ?

ಕಾನೂನು ನಿಮಗೆ ನಾನು ಹೇಳಿಕೊಡಬೇಕಾದ್ದಲ್ಲ. ಆದರೂ ಕ್ರಮವಾಗಿ ನೆನಪಿಸುತ್ತೇನೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು; ಅದರ 42ನೇ ಸೆಕ್ಷನ್ ಮಾಹಿತಿ ತಂತ್ರಜ್ಞಾನ ನಮಗೂ ಎಟುಕಬೇಕೆನ್ನುತ್ತದೆ. 2017ರ ನಿಯಮಗಳಲ್ಲಿ 15ನೆಯದು, ಜಾಲತಾಣಕ್ಕೆ ಹಾಕುವ ದಾಖಲೆ ಇಪಬ್ ಎಂಬ ಇ-ಪುಸ್ತಕದ ರೂಪದಲ್ಲಿರಬೇಕು ಅಥವಾ ಒಸಿಆರ್ ಆಧಾರಿತ ಪಿಡಿಎಫ್ ಆಗಿರಬೇಕು ಎಂದಿತು. ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಯಮದ ಮೊದಲ ಭಾಗವನ್ನೇ ಅನೂರ್ಜಿತಗೊಳಿಸಿತು. ನಮಗೆ ವಿರುದ್ಧವಾಗಿ ಅಲ್ಲ. ಕಾಯ್ದೆ ಕಡ್ಡಾಯ ಎಂದಿರುವಾಗ ನಿಯಮ ಬರೀ ಸಲಹೆಯ ಧಾಟಿಯಲ್ಲಿದೆ, ಕಡ್ಡಾಯವಾದ ಮಾನದಂಡ ರೂಪಿಸಿ ಎಂದು ಕೇಂದ್ರಕ್ಕೆ 3 ತಿಂಗಳ ಗಡುವು ಕೊಟ್ಟಿತು. ಮರುವರ್ಷ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದಿತು. ಆಸಿಡ್ ದಾಳಿಗೆ ಒಳಗಾದವರು, ಅಂಧರು ಇ-ಕೆವೈಸಿ ಮಾಡಿಸುವಾಗ “ಕಣ್ಣು ಮಿಟುಕಿಸಿ” ಎಂದು ಆ್ಯಪ್ ಕೇಳಿದರೆ ಏನು ಮಾಡಬೇಕು ಎಂಬಲ್ಲಿಂದ ಹೊರಟ ಪ್ರಕರಣ ಅದು. ಕೋರ್ಟು 20 ನಿರ್ದೇಶನ ಕೊಟ್ಟಿದೆ. ಆ ಮಿಟುಕಿಸುವ ಕಾಟ, ದನಿಯಿಲ್ಲದ ಕ್ಯಾಪ್ಚಾ, ಒಟಿಪಿ ಓದಿಸಿಕೊಳ್ಳುವಷ್ಟರಲ್ಲಿ ಮುಗಿದುಹೋಗುವ ಸಮಯ, ಇವೆಲ್ಲ ಇನ್ನೊಂದು ಪತ್ರಕ್ಕಾಗುವಷ್ಟಿವೆ. ಅವನ್ನು ಸರಿಪಡಿಸಲು ಟೆಂಡರ್, ಗುತ್ತಿಗೆದಾರ, ತಿಂಗಳುಗಟ್ಟಲೆ ಸಮಯ ಬೇಕಾಗುತ್ತದೆ. ಕಡತಗಳಿಗೆ ಬೇಕಿಲ್ಲ. ಅದಕ್ಕೇ ಇವತ್ತು ಬರೀ ಕಡತಗಳ ಮಾತು.

ಸುತ್ತೋಲೆಯಲ್ಲಿ ಏನಿರಬೇಕು? ಇಂಥ ದಿನಾಂಕದಿಂದ ಇಲಾಖೆಯ ಜಾಲತಾಣಕ್ಕೆ ಹೋಗುವ ಯಾವ ಆದೇಶವೂ ಸ್ಕ್ಯಾನ್ ಪ್ರತಿ ಮಾತ್ರ ಆಗಿರಕೂಡದು, ಯುನಿಕೋಡ್ ಬಿಟ್ಟು ಬೇರೆ ಫಾಂಟ್ ಇರಕೂಡದು ಎಂಬುದು ಮುಖ್ಯ. ಸಹಿಯ ಪ್ರತಿ ಬೇಕೇಬೇಕೆಂದರೆ ಇರಲಿ, ಪಕ್ಕದಲ್ಲಿ ಪಠ್ಯವೂ ಇರಲಿ. ವರ್ಡ್‌ನಿಂದ ಪಿಡಿಎಫ್ ಮಾಡುವಾಗ ಕೆಲವೊಮ್ಮೆ ಯುನಿಕೋಡ್ ಕನ್ನಡದ ಒತ್ತಕ್ಷರಗಳೂ ಚೆಲ್ಲಾಪಿಲ್ಲಿಯಾಗುತ್ತವೆ, ಆದ್ದರಿಂದ ಪಠ್ಯವನ್ನು ನೇರವಾಗಿ ವೆಬ್ ಪುಟದಲ್ಲೇ ಹಾಕಿದರೆ ಇನ್ನೂ ಒಳ್ಳೆಯದು. ಹಳೆಯದನ್ನೆಲ್ಲ ಬದಲಿಸಿ ಎಂದು ಕೇಳುವಷ್ಟು ಅವಿವೇಕ ನನಗಿಲ್ಲ. ನೇಮಕಾತಿ, ವಿದ್ಯಾರ್ಥಿವೇತನ, ಪಿಂಚಣಿ, ಹಾಸ್ಟೆಲ್, ಕೊನೆಯ ದಿನಾಂಕವಿರುವ ಇಂಥವು ಮೊದಲಾಗಲಿ. ತಪ್ಪಿದರೆ ಯಾರು ಹೊಣೆ ಎಂಬುದನ್ನೂ ಬರೆಯಿಸಿ, ಇಲ್ಲದಿದ್ದರೆ ಇದೂ ಹಿಂದಿನ ಯುನಿಕೋಡ್ ಆದೇಶದ ಹಾದಿಯನ್ನೇ ಹಿಡಿಯುತ್ತದೆ. 2011ರ ಸಕಾಲ ಕಾಯ್ದೆ ತಂದು, ತಡವಾದರೆ ಅಧಿಕಾರಿ ದಂಡ ಕಟ್ಟಬೇಕು ಎಂದ ರಾಜ್ಯ ನಮ್ಮದು. ಓದಲಾಗದ ಪ್ರಮಾಣಪತ್ರ ಕೊಟ್ಟರೆ ಅದನ್ನೂ ವಿಳಂಬವೆಂದೇ ಎಣಿಸಬಹುದಲ್ಲ?

ಇದು ಅಂಧರಿಗಷ್ಟೇ ಮಾಡುವ ಉಪಕಾರವೂ ಅಲ್ಲ. ಸರ್ಕಾರಿ ಆದೇಶಗಳಲ್ಲಿ ಒಂದು ಕನ್ನಡ ಪದ ಹುಡುಕಲು ಹೋಗಿ ಸೋತ ವಕೀಲರನ್ನೋ ಪತ್ರಕರ್ತರನ್ನೋ ಕೇಳಿ ನೋಡಿ. ಗೂಗಲ್‌ಗೆ ಕಾಣದ್ದು ಅವರಿಗೂ ಕಾಣುವುದಿಲ್ಲ.

ಪರೀಕ್ಷೆ ತೀರಾ ಸುಲಭ, ಗುಮಾಸ್ತರೇ ಮಾಡಬಹುದು: ಅಪ್‌ಲೋಡ್ ಮಾಡುವ ಮುಂಚೆ ಪಿಡಿಎಫ್ ತೆರೆದು, ಕಂಟ್ರೋಲ್ ಎಫ್ ಒತ್ತಿ, ಕಣ್ಣೆದುರೇ ಇರುವ ಒಂದು ಕನ್ನಡ ಪದವನ್ನು ಹುಡುಕಲಿ. ಸಿಗದಿದ್ದರೆ ಆ ಕಡತ ನಮಗೂ ಸಿಗುವುದಿಲ್ಲ. ಇದನ್ನು ತೋರಿಸಿಕೊಡಲು ಯಾವ ಇಲಾಖೆ ಕರೆದರೂ ನಾನೂ ನನ್ನ ವಿದ್ಯಾರ್ಥಿಗಳೂ ಲ್ಯಾಪ್‌ಟಾಪ್ ಹಿಡಿದು ಬರುತ್ತೇವೆ, ಭತ್ಯೆ ಕೇಳುವುದಿಲ್ಲ. ಸುತ್ತೋಲೆಯ ಕರಡು ಸಿದ್ಧವಾದಾಗ ಮೊದಲು ಅದನ್ನೇ ಕಳಿಸಿ. ಎನ್‌ವಿಡಿಎ ಅದನ್ನು ಹೇಗೆ ಓದುತ್ತದೆಂದು ಅದೇ ದಿನ ತಿಳಿಸುತ್ತೇವೆ.

ಇಂತಿ,
ಅಂಧ ವಿದ್ಯಾರ್ಥಿಗಳ ಕಂಪ್ಯೂಟರ್ ಶಿಕ್ಷಕ