ಸ್ಕ್ಯಾನ್ ರಿಪೋರ್ಟ್ ‘ನಾರ್ಮಲ್’ ಅಂತಲೇ ಬರುತ್ತದೆ

ಸಂಪಾದಕರಿಗೆ ನಮಸ್ಕಾರ.

ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚೆನ್ನಾಗಿದ್ದರೂ ಓದು ಬರಹ ಮಾತ್ರ ಕಷ್ಟವಾಗುವ ತೊಂದರೆ, ಅದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಅದರಲ್ಲಿ ಇದ್ದದ್ದೆಲ್ಲ ಮಕ್ಕಳ ವಿಷಯ. ಆ ಮಕ್ಕಳು ದೊಡ್ಡವರಾಗುತ್ತಾರೆ, ಮದುವೆಯಾಗುತ್ತಾರೆ, ದುಡಿಯುತ್ತಾರೆ. ಓದುವ ಕಷ್ಟ ಮಾತ್ರ ಅವರನ್ನು ಬಿಟ್ಟು ಹೋಗುವುದಿಲ್ಲ. ನಾನು 16 ವರ್ಷದಿಂದ ಎಂಆರ್‌ಐ ಟೆಕ್ನಿಷಿಯನ್. ಕಳೆದ ತಿಂಗಳು ನಮ್ಮಲ್ಲಿಗೆ ಒಬ್ಬರು ಬಂದಿದ್ದರು. ಅವರು ಹೋದ ಮೇಲೂ ಆ ವಿಷಯ ನನ್ನ ತಲೆಯಿಂದ ಹೋಗಲಿಲ್ಲ.

ನಲವತ್ತು ದಾಟಿದವರು, ಮರಗೆಲಸ ಮಾಡುತ್ತಾರೆ. ಸ್ಕ್ಯಾನ್‌ಗೆ ಮುಂಚೆ ಎಲ್ಲರಿಗೂ ಕೊಡುವ ಫಾರಂ ಅವರಿಗೂ ಕೊಟ್ಟೆ. ಮೈಯಲ್ಲಿ ಲೋಹ ಏನಾದರೂ ಇದೆಯಾ, ಪೇಸ್‌ಮೇಕರ್ ಇದೆಯಾ, ಹಿಂದೆ ಶಸ್ತ್ರಚಿಕಿತ್ಸೆ ಆಗಿದೆಯಾ, ಇಂಥ ಪ್ರಶ್ನೆಗಳು. ಹತ್ತು ನಿಮಿಷ ಆದರೂ ಫಾರಂ ವಾಪಸ್ ಬರಲಿಲ್ಲ. ಹೋಗಿ ನೋಡಿದರೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಕೂತಿದ್ದಾರೆ. ‘ಲೋಹ’ವನ್ನು ‘ಮೋಹ’ ಅಂತ ಓದಿ, ತಪ್ಪು ಅಂತ ಅವರಿಗೇ ಗೊತ್ತಾಗಿ, ಮತ್ತೆ ಶುರು ಮಾಡಿದ್ದರು. ‘ಶಸ್ತ್ರಚಿಕಿತ್ಸೆ’ಯ ಹತ್ತಿರ ಬೆರಳು ನಿಂತೇ ಹೋಗಿತ್ತು. ಅದೇ ಬೆರಳು ಅಡಿ, ಇಂಚು, ನೂಲಿನ ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪದೆ ಬಾಗಿಲು ಕೂರಿಸುತ್ತದೆ.

ಅವರ ಮಗನಿಗೆ ಡಿಸ್ಲೆಕ್ಸಿಯಾ ಇದೆ ಅಂತ ಶಾಲೆಯಲ್ಲಿ ಗೊತ್ತಾಗಿದೆ. ಟೀಚರ್ ಒಂದೊಂದೇ ಲಕ್ಷಣ ಹೇಳುತ್ತಾ ಹೋದಾಗ ಇವರಿಗೆ ‘ಇದು ನನ್ನದೇ ಕಥೆ’ ಅನ್ನಿಸಿದೆ. ಡಿಸ್ಲೆಕ್ಸಿಯಾ ಮನೆತನದಲ್ಲಿ ಬರುವುದು ಜಾಸ್ತಿ, ಹಾಗಾಗಿ ಮಗುವಿನಿಂದ ಅಪ್ಪನಿಗೋ ಅಮ್ಮನಿಗೋ ತಮ್ಮ ವಿಷಯ ತಿಳಿಯುವುದು ಅಪರೂಪವೇನಲ್ಲ. ಮಿದುಳು ಸ್ಕ್ಯಾನ್ ಮಾಡಿಸಿದರೆ ಕಾಣುತ್ತೆ ಅಂತ ಯಾರೋ ಹೇಳಿದ್ದಾರೆ. ದುಡ್ಡು ಕೂಡಿಸಿಕೊಂಡು ಬಂದುಬಿಟ್ಟಿದ್ದಾರೆ.

“ರಿಪೋರ್ಟ್ ಬೇಕಾಗಿರೋದು ನನಗಲ್ಲ ಸರ್, ನಮ್ಮಪ್ಪನಿಗೆ ತೋರಿಸಬೇಕು. ಇವತ್ತಿಗೂ ನನ್ನನ್ನ ಮೈಗಳ್ಳ ಅಂತಾರೆ” ಅಂದರು.

ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ನಮ್ಮ ಡಾಕ್ಟರ್, ಅಂದರೆ ರೇಡಿಯಾಲಜಿಸ್ಟ್, ಅವರನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು, ಸ್ಕ್ಯಾನ್ ಮಾಡಲಿಲ್ಲ. ಕಾರಣ ಇಷ್ಟೇ. ಆಸ್ಪತ್ರೆಯ ಎಂಆರ್‌ಐ ನೋಡುವುದು ಗಡ್ಡೆ, ರಕ್ತಸ್ರಾವ, ಸ್ಟ್ರೋಕ್ ಇಂಥವನ್ನು. ಡಿಸ್ಲೆಕ್ಸಿಯಾ ಇರುವವರ ಮಿದುಳನ್ನು ಅದರಲ್ಲಿ ನೋಡಿದರೆ ಸಾಮಾನ್ಯವಾಗಿ ‘ನಾರ್ಮಲ್’ ಅಂತಲೇ ಬರೆಯಬೇಕಾಗುತ್ತದೆ. ಆ ಕಾಗದ ಅವರ ತಂದೆಯ ಕೈಗೆ ಹೋದರೆ ಏನಾಗುತ್ತಿತ್ತು ಯೋಚಿಸಿ. ‘ನೋಡು, ಡಾಕ್ಟರೇ ಬರೆದಿದ್ದಾರೆ, ಏನೂ ಇಲ್ಲವಂತೆ’ ಅನ್ನುತ್ತಿದ್ದರು. ಜೀವನವಿಡೀ ಕೇಳಿದ ಬೈಗುಳಕ್ಕೆ ನಮ್ಮ ಕಡೆಯಿಂದ ಒಂದು ಸೀಲು ಬೀಳುತ್ತಿತ್ತು.

ಹಾಗಾದರೆ ಸ್ಕ್ಯಾನ್‌ನಿಂದ ಏನೂ ತಿಳಿದಿಲ್ಲವಾ? ತಿಳಿದಿದೆ, ಬೇಕಾದಷ್ಟು ತಿಳಿದಿದೆ. ಅದು ಸಂಶೋಧನೆಗೆ ಬಳಸುವ ಫಂಕ್ಷನಲ್ ಎಂಆರ್‌ಐ. ಯಂತ್ರ ಹೆಚ್ಚುಕಡಿಮೆ ಅದೇ, ಬಳಸುವ ರೀತಿ ಬೇರೆ. ಒಳಗೆ ಮಲಗಿದವರಿಗೆ ಕಣ್ಣಿನ ಮೇಲಿನ ಕನ್ನಡಿಯಲ್ಲಿ ಎರಡೆರಡು ಪದಗಳು ಕಾಣುತ್ತವೆ. ಎರಡಕ್ಕೂ ಪ್ರಾಸ ಕೂಡುತ್ತದಾ ಅಂತ ಗುಂಡಿ ಒತ್ತಿ ಹೇಳಬೇಕು. ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಅಲ್ಲಿಗೆ ಆಮ್ಲಜನಕ ಹೊತ್ತ ರಕ್ತ ಜಾಸ್ತಿ ಹರಿಯುತ್ತದೆ, ಅದರಿಂದ ಸಿಗ್ನಲ್ ಒಂದಿಷ್ಟು ಬದಲಾಗುತ್ತದೆ. ಈ ಬದಲಾವಣೆ ಎಷ್ಟು ಸಣ್ಣದು ಅಂದರೆ, ಒಬ್ಬೊಬ್ಬರಿಂದ ಮತ್ತೆ ಮತ್ತೆ ಮಾಡಿಸಬೇಕು, ಹತ್ತಾರು ಜನರ ಸರಾಸರಿ ತೆಗೆಯಬೇಕು. ಆಗ ಗುಂಪಿಗೂ ಗುಂಪಿಗೂ ಇರುವ ವ್ಯತ್ಯಾಸ ಕಾಣುತ್ತದೆ. ಒಬ್ಬ ವ್ಯಕ್ತಿಯ ಚಿತ್ರ ಹಿಡಿದು ‘ಇವರಿಗೆ ಇದೆ, ಇವರಿಗೆ ಇಲ್ಲ’ ಅನ್ನಲು ಇವತ್ತಿಗೂ ಆಗುವುದಿಲ್ಲ. ‘ಬ್ರೈನ್ ಮ್ಯಾಪಿಂಗ್ ಮಾಡಿ ಡಿಸ್ಲೆಕ್ಸಿಯಾ ಹೇಳುತ್ತೇವೆ’ ಅಂತ ಯಾರಾದರೂ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ.

ಈ ಸಂಶೋಧನೆಯ ಒಳ್ಳೆಯ ಪಾಲು ನಡೆದಿರುವುದು ದೊಡ್ಡವರ ಮೇಲೆಯೇ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಥವೇ ಇಲ್ಲದ ಪದಗಳ ಪ್ರಾಸ ನೋಡುವಾಗ ಡಿಸ್ಲೆಕ್ಸಿಯಾ ಇರುವವರ ಮಿದುಳಿನ ಹಿಂಭಾಗ ಕಡಿಮೆ ಕೆಲಸ ಮಾಡಿತು, ಮುಂಭಾಗ ಜಾಸ್ತಿ ದುಡಿಯಿತು. ಉಳಿದವರಿಗೆ ಸಲೀಸಾಗಿ ಆಗುವ ಕೆಲಸಕ್ಕೆ ಇವರ ಮಿದುಳು ಹೆಚ್ಚು ಬೆವರು ಸುರಿಸುತ್ತಿತ್ತು. ಮೈಗಳ್ಳತನ ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾ?

2013ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ನಡೆದ ಇನ್ನೊಂದು ಅಧ್ಯಯನ ನನಗೆ ತುಂಬ ಹಿಡಿಸಿತು. ಡಿಸ್ಲೆಕ್ಸಿಯಾ ಇರುವ 23 ವಯಸ್ಕರು, ಇಲ್ಲದ 22 ಜನ. ಮಾತಿನ ಸದ್ದುಗಳು ಮಿದುಳಿನಲ್ಲಿ ಮಸುಕಾಗಿ ಕೂತಿವೆಯಾ ಅಂತ ನೋಡಿದರು. ಇಲ್ಲ, ಸದ್ದುಗಳು ಉಳಿದವರಲ್ಲಿ ಇರುವಷ್ಟೇ ಸ್ಪಷ್ಟವಾಗಿದ್ದವು. ಆದರೆ ಸದ್ದುಗಳು ಕೂತಿರುವ ಜಾಗಕ್ಕೂ ಮಿದುಳಿನ ಎಡಮುಂಭಾಗದ ಮಾತಿನ ಕೇಂದ್ರಕ್ಕೂ ಇರುವ ಸಂಪರ್ಕ ದುರ್ಬಲವಾಗಿತ್ತು. ನಮ್ಮ ಆಸ್ಪತ್ರೆ ಲೆಕ್ಕದಲ್ಲಿ ಹೇಳುವುದಾದರೆ, ರೆಕಾರ್ಡ್ ರೂಮಿನಲ್ಲಿ ಫೈಲು ನೀಟಾಗಿ ಇದೆ, ಅಲ್ಲಿಂದ ಕೌಂಟರಿಗೆ ತರುವ ದಾರಿ ಕಿಷ್ಕಿಂಧೆ. ಎಲ್ಲ ವಿಜ್ಞಾನಿಗಳೂ ಇದನ್ನೇ ಒಪ್ಪುತ್ತಾರೆ ಅಂತಲ್ಲ, ಚರ್ಚೆ ಇನ್ನೂ ನಡೆದೇ ಇದೆ.

‘ಕನ್ನಡ ಬರೆದ ಹಾಗೇ ಓದುವ ಭಾಷೆ, ಇದರಲ್ಲೆಲ್ಲ ಡಿಸ್ಲೆಕ್ಸಿಯಾ ಇರಲ್ಲ, ಅದು ಇಂಗ್ಲಿಷ್ ಮೀಡಿಯಂ ಕಾಯಿಲೆ’ ಅನ್ನುವವರನ್ನು ನಾನೇ ನೋಡಿದ್ದೇನೆ, ಓದಿಕೊಂಡವರೇ ಹೀಗೆ ಹೇಳುತ್ತಾರೆ. ಇಟಾಲಿಯನ್ನೂ ಬರೆದ ಹಾಗೇ ಓದುವ ಭಾಷೆ. 2001ರಲ್ಲಿ ಇಟಲಿ, ಫ್ರಾನ್ಸ್, ಇಂಗ್ಲೆಂಡಿನ ಡಿಸ್ಲೆಕ್ಸಿಯಾ ಇರುವ ಕಾಲೇಜು ವಿದ್ಯಾರ್ಥಿಗಳನ್ನು ಹೋಲಿಸಿ ನೋಡಿದ್ದಾರೆ. ಇಟಲಿಯವರು ಉಳಿದಿಬ್ಬರಿಗಿಂತ ಚೆನ್ನಾಗಿ ಓದಿದರು. ಆದರೆ ಸ್ಕ್ಯಾನ್‌ನಲ್ಲಿ ಮೂರೂ ದೇಶದವರಿಗೆ ಮಿದುಳಿನ ಎಡಭಾಗದ ಒಂದೇ ಜಾಗ ಮಂಕಾಗಿತ್ತು. ಭಾಷೆ ಸುಲಭವಾದರೆ ತೊಂದರೆ ಕಡಿಮೆ ಕಾಣುತ್ತದೆ, ಇಲ್ಲದೇ ಹೋಗುವುದಿಲ್ಲ. ಅದೂ ಅಲ್ಲದೆ ನಮ್ಮ ಲಿಪಿ ಅಷ್ಟು ಸುಲಭದ್ದಾ? ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನೂರಾರು ರೂಪಗಳು. ಕನ್ನಡ ಮಕ್ಕಳ ಅಕ್ಷರ ಕಲಿಕೆ ನಾಲ್ಕನೇ ತರಗತಿಯಲ್ಲೂ ಮುಗಿದಿರುವುದಿಲ್ಲ ಅಂತ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡುವ ಸೋನಾಲಿ ನಾಗ್ ಅವರ ಅಧ್ಯಯನಗಳು ತೋರಿಸಿವೆ. ಆ ಮರಗೆಲಸದವರ ಬೆರಳು ನಿಂತದ್ದು ‘ಸ್ತ್ರ’ದ ಹತ್ತಿರವೇ.

ಇಷ್ಟು ವಯಸ್ಸಾದ ಮೇಲೆ ಇನ್ನೇನು ಕಲಿಯುವುದು ಅಂತ ಅವರೂ ಕೇಳಿದರು. 2004ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ತಂಡ ಡಿಸ್ಲೆಕ್ಸಿಯಾ ಇರುವ ವಯಸ್ಕರಿಗೆ ಎಂಟು ವಾರ ತರಬೇತಿ ಕೊಟ್ಟ ಅಧ್ಯಯನ ಪ್ರಕಟಿಸಿತು. ಪದವನ್ನು ಸದ್ದು ಸದ್ದಾಗಿ ಬಿಡಿಸುವ ತರಬೇತಿ ಅದು. ಓದು ಸುಧಾರಿಸಿತು, ಸ್ಕ್ಯಾನ್‌ನಲ್ಲೂ ಮಿದುಳಿನ ಕೆಲಸ ಬದಲಾದದ್ದು ಕಂಡಿತು. ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಉತ್ತರ ಪ್ರದೇಶದ ಲಖನೌ ಹತ್ತಿರದ ಹಳ್ಳಿಗಳಲ್ಲಿ ಅಕ್ಷರವೇ ಬಾರದ ಮೂವತ್ತರ ಆಸುಪಾಸಿನ ಹೆಂಗಸರು ಆರು ತಿಂಗಳು ಹಿಂದಿ ಓದು ಕಲಿತರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಿದುಳಿನ ತೀರಾ ಆಳದ ಭಾಗಗಳೂ ಬದಲಾಗಿದ್ದವು. ಅವರಿಗೆ ಡಿಸ್ಲೆಕ್ಸಿಯಾ ಇರಲಿಲ್ಲ, ನಿಜ. ಆದರೆ ಓದು ಮಿದುಳನ್ನು ಇಷ್ಟು ಬದಲಿಸುತ್ತದೆ ಅಂದಮೇಲೆ, ಇಪ್ಪತ್ತು ಮೂವತ್ತು ವರ್ಷ ಓದಿನಿಂದ ದೂರ ಇದ್ದವರ ಮಿದುಳಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಒಂದು ಪಾಲು ಡಿಸ್ಲೆಕ್ಸಿಯಾಕ್ಕೆ ಕಾರಣವಲ್ಲ, ಓದದೇ ಉಳಿದದ್ದರ ಪರಿಣಾಮ ಇರಬಹುದು ಅಲ್ವಾ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ, ಡಿಸ್ಲೆಕ್ಸಿಯಾ ಅದರೊಳಗೇ ಬರುತ್ತದೆ. ಹರಿಯಾಣದ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಡಿಸ್ಲೆಕ್ಸಿಯಾ ಗುರುತಿಸಲು 2015ರಲ್ಲಿ ತಂದ ‘ಡಾಲಿ’ ಪರೀಕ್ಷೆ ಕನ್ನಡದಲ್ಲೂ ಇದೆ, ಆದರೆ ಅದು ಪ್ರಾಥಮಿಕ ಶಾಲೆಯ ಮಕ್ಕಳಿಗೆ. ಡಿಸ್ಲೆಕ್ಸಿಯಾ ಗೊತ್ತಾಗುವುದು ಓದಿಸಿ, ಬರೆಸಿ, ಹಿಂದಿನ ಕಥೆ ಕೇಳಿ. ಇದಕ್ಕೆ ಕೋಟಿಗಟ್ಟಲೆ ಬೆಲೆಯ ಯಂತ್ರ ಬೇಡ. ತರಬೇತಾದ ಒಬ್ಬರು, ಒಂದು ರೂಮು, ಒಂದೆರಡು ಗಂಟೆ ಸಮಯ ಸಾಕು. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ವಾರಕ್ಕೊಂದು ದಿನ ದೊಡ್ಡವರಿಗೂ ಈ ಸೌಲಭ್ಯ ಸಿಗಲಿ, ಕನ್ನಡದಲ್ಲೇ ಸಿಗಲಿ ಅಂತ ಸರ್ಕಾರವನ್ನು ಕೇಳಿಕೊಳ್ಳುತ್ತೇನೆ.

ಅವರು ಹೊರಡುವಾಗ ರೇಡಿಯಾಲಜಿಸ್ಟ್ ಒಂದು ಬಿಳಿ ಹಾಳೆಯಲ್ಲಿ ವಾಕ್ ಚಿಕಿತ್ಸಕರ ವಿಳಾಸ ಬರೆದುಕೊಟ್ಟರು. ಕೆಳಗೆ ಅವರ ತಂದೆಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆದರು. ಅಕ್ಷರ ದಪ್ಪಗೆ, ಸಾಲು ಬಿಡಿಬಿಡಿಯಾಗಿ. ಅವರು ಅದನ್ನು ಅಲ್ಲೇ ನಿಂತು, ಬೆರಳಿಟ್ಟು, ಪೂರ್ತಿ ಓದಿ ಮಡಚಿ ಜೇಬಿಗಿಟ್ಟುಕೊಂಡರು.

ಆವತ್ತಿನಿಂದ ನಮ್ಮಲ್ಲಿ ಫಾರಂ ಕೈಗೆ ಕೊಟ್ಟು ಸುಮ್ನೆ ಹೋಗುವುದಿಲ್ಲ. ಯಾರೇ ಬರಲಿ, ಪಕ್ಕದಲ್ಲಿ ಕೂತು ಒಂದೊಂದೇ ಪ್ರಶ್ನೆ ಓದಿ ಹೇಳುತ್ತೇವೆ.

ಇಂತಿ,
ಒಬ್ಬ ಎಂಆರ್‌ಐ ಟೆಕ್ನಿಷಿಯನ್
ಶಿವಮೊಗ್ಗ