ರೋಬೋಟ್ ಬಂದರೆ ಸಾಲದು, ಆಪರೇಷನ್ ಕೈಗೆಟುಕಬೇಕು

ಮಾನ್ಯ ಸಂಪಾದಕರೇ,

ಆರೋಗ್ಯ ಸೇವೆ ಇನ್ನೂ ಬೆಳೆಯುತ್ತಿರುವ ದೇಶಗಳಲ್ಲಿ ಸರ್ಜಿಕಲ್ ರೋಬೋಟ್‌ಗಳಿಗೆ (ಸರ್ಜನ್ ಕುಳಿತು ನಡೆಸುವ ಆಪರೇಷನ್ ಯಂತ್ರಗಳಿಗೆ) ದೊಡ್ಡ ಮಾರುಕಟ್ಟೆ ಇದೆ ಎಂಬ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ಇರುವುದು ನಿಜ. ಆದರೆ ಎಷ್ಟು ಯಂತ್ರ ಮಾರಾಟವಾದವು ಎಂದು ಎಣಿಸಿದರೆ ರೋಗಿಗೆ ಏನು ಸಿಕ್ಕಿತು ಅಂತ ತಿಳಿಯುವುದಿಲ್ಲ. ಒಂದೊಂದು ಆಪರೇಷನ್‌ಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಕೇಳಬೇಕು.

ಜಗತ್ತಿನ 500 ಕೋಟಿ ಜನರಿಗೆ ಸುರಕ್ಷಿತವಾದ, ಕೈಗೆಟುಕುವ ಶಸ್ತ್ರಚಿಕಿತ್ಸೆ ಸಿಗುತ್ತಿಲ್ಲ ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2015ರಲ್ಲಿ ಹೇಳಿತು. ಇಷ್ಟು ದೊಡ್ಡ ಅಂಕಿ ಕಂಡರೆ ಯಾರಿಗಾದರೂ ವ್ಯಾಪಾರ ನೆನಪಾಗುತ್ತದೆ. ಆದರೆ ಅದೇ ಆಯೋಗ ಒಂದು ಆಸ್ಪತ್ರೆಯನ್ನು ಅಳೆಯಲು ಇಟ್ಟುಕೊಂಡದ್ದು ಮೂರೇ ಆಪರೇಷನ್: ಸಿಸೇರಿಯನ್, ಹೊಟ್ಟೆ ತೆರೆದು ಮಾಡುವ ಆಪರೇಷನ್, ಚರ್ಮ ಸೀಳಿ ಹೊರಬಂದ ಮೂಳೆಮುರಿತದ ಚಿಕಿತ್ಸೆ. ಇವಕ್ಕೆ ರೋಬೋಟ್ ಬೇಡ. ಅರಿವಳಿಕೆ ಡಾಕ್ಟರ್, ರಕ್ತ, ಆಕ್ಸಿಜನ್, ನಿಲ್ಲದ ಕರೆಂಟು ಬೇಕು.

ಹಾಗಂತ ರೋಬೋಟ್ ಬೇಡವೇ ಬೇಡ ಎನ್ನುತ್ತಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್, ಕಿಡ್ನಿಯ ಗಡ್ಡೆ ಮಾತ್ರ ತೆಗೆದು ಕಿಡ್ನಿ ಉಳಿಸುವುದು, ಇಂಥ ಇಕ್ಕಟ್ಟಿನ ಕೆಲಸದಲ್ಲಿ ಮಣಿಕಟ್ಟಿನಂತೆ ತಿರುಗುವ ಉಪಕರಣ ತುಂಬಾ ಅನುಕೂಲ. ಆದರೆ ಎಲ್ಲ ರೋಗಕ್ಕೂ ಅದೇ ಮಾತು ಅನ್ವಯಿಸದು. ಗರ್ಭಕಂಠದ ಆರಂಭಿಕ ಕ್ಯಾನ್ಸರ್‌ನಲ್ಲಿ ರೋಬೋಟ್ ಅಥವಾ ಲ್ಯಾಪರೋಸ್ಕೋಪಿ (ಸಣ್ಣ ರಂಧ್ರಗಳ ಆಪರೇಷನ್) ಮೂಲಕ ಗರ್ಭಕೋಶ ತೆಗೆಸಿಕೊಂಡವರಲ್ಲಿ, ಹೊಟ್ಟೆ ತೆರೆದು ತೆಗೆಸಿಕೊಂಡವರಿಗಿಂತ ಕ್ಯಾನ್ಸರ್ ಮರುಕಳಿಸುವುದೂ ಸಾವೂ ಹೆಚ್ಚು ಎಂದು 2018ರ ದೊಡ್ಡ ಅಧ್ಯಯನವೊಂದು ತೋರಿಸಿತು. ಕೊಳ್ಳುವ ಮೊದಲು ಯಾವ ರೋಗಕ್ಕೆ ಎಂದು ಕೇಳಲೇಬೇಕು, ಅಲ್ವಾ?

ಇನ್ನು ದುಡ್ಡಿನ ವಿಷಯ. ಡಾವಿಂಚಿ ಎಂಬ ಸರ್ಜಿಕಲ್ ರೋಬೋಟ್‌ಗೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2000ರಲ್ಲಿ ಒಪ್ಪಿಗೆ ಕೊಟ್ಟಿತು. ಆಮೇಲೆ ಬಹಳ ವರ್ಷ ಅದಕ್ಕೆ ಹೇಳಿಕೊಳ್ಳುವಂಥ ಪೈಪೋಟಿ ಇರಲಿಲ್ಲ. ಅದನ್ನು ತಯಾರಿಸುವ ಕಂಪನಿಗೆ ಇವತ್ತು ಬರುವ ಆದಾಯದಲ್ಲಿ ದೊಡ್ಡ ಪಾಲು ಯಂತ್ರದ್ದಲ್ಲ, ಅದರ ತೋಳಿಗೆ ಸಿಕ್ಕಿಸುವ ಉಪಕರಣ ಮತ್ತು ಸರ್ವಿಸ್‌ನದು. ಅದರ ಬಹುತೇಕ ಉಪಕರಣಗಳನ್ನು ಇಂತಿಷ್ಟೇ ಸಲ ಬಳಸಬಹುದು. ಲೆಕ್ಕ ಮುಗಿದ ಮೇಲೆ ಯಂತ್ರವೇ ಅದನ್ನು ತೆಗೆದುಕೊಳ್ಳುವುದಿಲ್ಲ, ಹೊಸದು ಕೊಳ್ಳಲೇಬೇಕು. ಯಂತ್ರವನ್ನು ಯಾರೋ ದಾನಿಗಳು ಕೊಡಿಸಬಹುದು. ಈ ಖರ್ಚು ಮಾತ್ರ ಪ್ರತಿ ರೋಗಿಯ ಬಿಲ್‌ಗೆ ಬರುತ್ತದೆ.

ಈಗ ಡಾವಿಂಚಿಯ ಹಳೆಯ ಪೇಟೆಂಟ್‌ಗಳ ಅವಧಿ ಮುಗಿಯುತ್ತಾ ಬಂದಿದೆ. ಬ್ರಿಟನ್ನಿನ ವರ್ಸಿಯಸ್, ಮೆಡ್‌ಟ್ರಾನಿಕ್ ಕಂಪನಿಯ ಹ್ಯೂಗೋ, ಜಪಾನಿನ ಹಿನೋಟೋರಿ, ಚೀನಾದ ತೌಮೈ, ಭಾರತದ ಎಸ್‌ಎಸ್‌ಐ ಮಂತ್ರ ಎಲ್ಲವೂ ಮಾರುಕಟ್ಟೆಯಲ್ಲಿವೆ. ಚೌಕಾಸಿ ಮಾಡಲು ಇದೇ ಸಮಯ. ಯಂತ್ರದ ಬೆಲೆ ಇಳಿಸಿ ಎಂದು ಸುಮ್ನೆ ಕೇಳಿದರೆ ಸಾಲದು. ಆಪರೇಷನ್‌ಗೆ ಇಷ್ಟು ಎಂದು ದರ ನಿಗದಿಯಾಗಲಿ. ಬಿಡಿಭಾಗ ಎಷ್ಟು ದಿನದಲ್ಲಿ ತಲುಪಬೇಕು ಎಂಬುದು ಒಪ್ಪಂದದಲ್ಲೇ ಇರಲಿ. ರಿಪೇರಿ ಕಲಿತ ಎಂಜಿನಿಯರ್‌ಗಳು ಅದೇ ದೇಶದಲ್ಲಿ ತಯಾರಾಗಲಿ. ಯಂತ್ರ ಕೆಟ್ಟು ವಾರಗಟ್ಟಲೆ ನಿಂತರೆ ಕೈ ಪಳಗಿದ ಸರ್ಜನ್ ಇದ್ದೂ ಏನು ಬಂತು?

ದೂರದಿಂದಲೇ ಆಪರೇಷನ್ ಮಾಡಬಹುದು ಎಂಬ ಆಸೆಯನ್ನೂ ತೋರಿಸಲಾಗುತ್ತದೆ. 2001ರಲ್ಲೇ ನ್ಯೂಯಾರ್ಕ್‌ನಲ್ಲಿ ಕುಳಿತ ಡಾ. ಜಾಕ್ ಮಾರೆಸ್ಕೋ ತಂಡ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಮಹಿಳೆಯ ಪಿತ್ತಕೋಶ ತೆಗೆದಿತ್ತು. ಆದರೂ ಏನಾದರೂ ಎಡವಟ್ಟಾದರೆ ತಕ್ಷಣ ಹೊಟ್ಟೆ ತೆರೆಯಬಲ್ಲ ಸರ್ಜನ್ ರೋಗಿಯ ಪಕ್ಕದಲ್ಲೇ ಇರಬೇಕು.

ಐದು ಆಸ್ಪತ್ರೆಗಳಲ್ಲಿ ಐದು ರೋಬೋಟ್ ಅರೆಬರೆ ಕೆಲಸ ಮಾಡುವುದಕ್ಕಿಂತ, ಒಂದು ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ಒಂದೇ ಯಂತ್ರ ದಿನವಿಡೀ ನಡೆಯಲಿ. ಸರ್ಜನ್‌ಗಳ ಕೈಯೂ ಪಳಗುತ್ತದೆ, ಪ್ರತಿ ಆಪರೇಷನ್‌ನ ಖರ್ಚೂ ಇಳಿಯುತ್ತದೆ. ಸಾರ್ವಜನಿಕ ಹಣದಿಂದ ಕೊಳ್ಳುವ ಯಂತ್ರವಾದರೆ ಒಪ್ಪಂದ, ಉಪಕರಣದ ದರ, ತಿಂಗಳಿಗೆ ನಡೆದ ಆಪರೇಷನ್‌ಗಳ ಲೆಕ್ಕ ಎಲ್ಲವನ್ನೂ ಜನರ ಮುಂದಿಡಬೇಕು.

ಇಂತಿ,
ನಿಮ್ಮ ಓದುಗ