ಎದುರು ಮಾಳಿಗೆಯ ಅಮ್ಮನಿಗೆ

ನಿನ್ನೆ ಬಂದು ನಮ್ಮ ಬಾಗಿಲ ಮೇಲಿನ ಕೊರೊನಾ ಕ್ವಾರಂಟೈನ್ ಚೀಟಿ ಕಿತ್ತುಕೊಂಡು ಹೋದರು. ಅಂಟು ಮಾತ್ರ ಉಳಿದಿದೆ, ಬಿಸಿನೀರು ಹಾಕಿ ಕೆರೆದರೆ ಬಣ್ಣದ ಸಮೇತ ಏಳುತ್ತಿದೆ. ಕೊರೊನಾ ಬಂದು ಆಸ್ಪತ್ರೆ ಸೇರಿದ್ದ ಮಾವನವರು ಮನೆಗೆ ಬಂದಿದ್ದಾರೆ. ಅವರ ಆಸ್ಪತ್ರೆಯ ಕಥೆ ನೆಂಟರಿಷ್ಟರಾದ ನಿಮಗೆಲ್ಲ ಗೊತ್ತು, ದಿನಾ ಫೋನ್ ಮಾಡಿ ಕೇಳಿದ್ದೀರಿ. ನಾನು ಹೇಳಬೇಕಿರೋದು 2020ರ ಜುಲೈ 17ರಿಂದ 14 ದಿನ ಕೊಪ್ಪಳದ ಈ ಎರಡು ಕೋಣೆಯ ಮನೆಯೊಳಗೆ ಉಳಿದ ನಮ್ಮ ನಾಲ್ವರ ಬಗ್ಗೆ.

ಹಾಲು, ತರಕಾರಿ ಕಟ್ಟೆ ಮೇಲೆ ಇಟ್ಟು ಹೋದವರು, ಭಾನುವಾರದ ಲಾಕ್‌ಡೌನ್‌ನಲ್ಲೂ ಅತ್ತೆಯ ಬಿಪಿ ಮಾತ್ರೆ ಹುಡುಕಿ ತಂದ ಗೆಳೆಯರು, ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನಕ್ಕಾಗಿ ಜುಲೈ 10ರಿಂದ ತಾವೇ ಮುಷ್ಕರದಲ್ಲಿದ್ದರೂ ಸಂಜೆ ಫೋನ್ ಮಾಡಿ ವಿಚಾರಿಸುತ್ತಿದ್ದ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಅಕ್ಕ, ಪಂಚಮಿಗೆ ಕರೆಯಲು ಬರಲಾಗದೆ ಉಂಡಿ ಡಬ್ಬಿಯನ್ನು ಬಾಗಿಲ ಮುಂದಿಟ್ಟು ದೂರದಿಂದಲೇ ಕೈ ಬೀಸಿದ ನನ್ನ ಅಣ್ಣ, ಎಲ್ಲರಿಗೂ ಕೈ ಮುಗಿಯುತ್ತೇನೆ. ನಮ್ಮ ಬಾಗಿಲ ವಿಡಿಯೋ ಮಾಡಿ ವಾಟ್ಸ್ಯಾಪಿಗೆ ಹಾಕಿದವರಿಗೆ ಏನೂ ಹೇಳಲ್ಲ. ಅವರ ಮನೆಗೆ ಈ ಚೀಟಿ ಬರದಿರಲಿ.

ಗಾಳಿ ಬೆಳಕಿರುವ ಬೇರೆ ಕೋಣೆ, ಸಾಧ್ಯವಾದರೆ ಬೇರೆ ಶೌಚಾಲಯ ಅಂತ ಕ್ವಾರಂಟೈನ್ ಸೂಚನೆಯಲ್ಲಿತ್ತು. ನಮಗಿರೋದು ಒಂದೇ ಪಾಯಖಾನೆ. ಯಾರು ಮೊದಲು, ಯಾರು ಕೆಮ್ಮಿದರು, ಯಾರು ಯಾವ ಲೋಟ ಮುಟ್ಟಿದರು, ಇದೇ ಜಗಳ. ಮಗ ರಾತ್ರಿ ಎದ್ದು ನನ್ನ ಮೂಗಿನ ಹತ್ತಿರ ಕೈ ಇಟ್ಟು ಉಸಿರು ನೋಡುತ್ತಿದ್ದ. ಮನೆಯಲ್ಲೇ ಇದ್ದೀವಿ ಅಂತ ತೋರಿಸಲು ಸರ್ಕಾರದ ಆ್ಯಪಿಗೆ ಸೆಲ್ಫಿ ಕಳಿಸುವಾಗ ಅತ್ತೆ ಪ್ರತಿ ಸಲ ಕುಂಕುಮ ತಿದ್ದಿಕೊಂಡು ಬರುತ್ತಿದ್ದರು. ನಾನು ಬೇಜಾರಿನಿಂದ ಒಮ್ಮೆ ರೇಗಿದೆ. ಮಾವ ಆಸ್ಪತ್ರೆಯಲ್ಲಿದ್ದಾಗ ಆ ಕುಂಕುಮ ಅವರಿಗೆ ಏನಾಗಿತ್ತು ಅಂತ ನನ್ನ ತಲೆಗೆ ಹೋಗಲೇ ಇಲ್ಲ.

ನಮ್ಮ ಮನೆಯವರು ಮಾತು ಬಿಟ್ಟರು. ದಿನಾ ಹೊಸಪೇಟೆಗೆ ಕೆಲಸಕ್ಕೆ ಹೋಗಿ ಬರುತ್ತಿದ್ದವರು, ಅಪ್ಪನಿಗೆ ರೋಗ ತಂದವನು ನಾನೇ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಅವರ ರಿಪೋರ್ಟ್ ನೆಗೆಟಿವ್ ಬಂದಿತ್ತು, ತೋರಿಸಿದೆ, ಓದಿ ಹೇಳಿದೆ. ಕೇಳಲಿಲ್ಲ. ಊಟಕ್ಕೆ ಕೂತರೆ ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದರು.

ಪಂಚಮಿ ರಾತ್ರಿ, ಅಂದರೆ 25ಕ್ಕೆ, ಒಂದು ಗಂಟೆ ಹೊತ್ತಿಗೆ ಎಚ್ಚರಾಯಿತು. ಹಾಸಿಗೆಯಲ್ಲಿ ಇವರಿಲ್ಲ. ಮಾಳಿಗೆ ಹತ್ತಿದರೆ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾರೆ. ನನ್ನ ಬಾಯಿಂದ ಸದ್ದೇ ಬರಲಿಲ್ಲ. ಆದರೆ ಅಷ್ಟರಲ್ಲೇ ಓಣಿಯ ಆಚೆ ಮಾಳಿಗೆಯಿಂದ ಮಾತು ಕೇಳಿಸುತ್ತಿತ್ತು. "ತಮ್ಮಾ, ನಿದ್ದಿ ಬರವಲ್ದೇನು? ನನಗೂ ಬರವಲ್ದು. ಹಿಂದ ಸರದು ಕುಂದ್ರು, ಮಾತಾಡೋಣು."

ಎದುರು ಮನೆಯ ಅಮ್ಮ. ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತೀವಿ. ಮೊಣಕಾಲು ನೋವಿಗೆ ಅವರಿಗೆ ನಿದ್ದೆ ಕಮ್ಮಿ, ಮೆಟ್ಟಿಲು ಹತ್ತುವುದೇ ಕಷ್ಟ, ಅವತ್ತು ಯಾಕೆ ಹತ್ತಿದ್ದರೋ. ಇವರು ಹಿಂದೆ ಸರಿದು ಕೂತರು. ಆಮೇಲೆ ಬೆಳಗಿನ ಐದರವರೆಗೆ ಆ ಅಮ್ಮ ಮಾತಾಡಿದರು. ಧೈರ್ಯ ತಗೋ ಅನ್ನಲಿಲ್ಲ, ದೇವರಿದ್ದಾನೆ ಅಂತಲೂ ಅನ್ನಲಿಲ್ಲ. ಎಮ್ಮೆ ಒದ್ದದ್ದು, ಶೇಂಗಾ ರೇಟು, 72ರ ಬರದಲ್ಲಿ ಕಲ್ಲು ಹೊತ್ತದ್ದು, ಸೊಸೆ ಮೇಲಿನ ಸಿಟ್ಟು, ಮಧ್ಯೆ ಮಧ್ಯೆ ಎಲೆ ಅಡಿಕೆ. ತಮ್ಮ ಅಜ್ಜಿ ಹೇಳುತ್ತಿದ್ದ ಪ್ಲೇಗಿನ ಕಥೆಯನ್ನೂ ಹೇಳಿದರು, ಊರಿಗೆ ಊರೇ ಎದ್ದು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆ. "ಆವಾಗ ಎಲ್ಲಾರೂ ಕೂಡಿ ಹೋಗಿದ್ರು ತಮ್ಮಾ, ಹಿಂಗ ಒಂದ್ ಮನಿ ಹಿಡದು ಬಾಗಲಾ ಹಾಕಿರಲಿಲ್ಲ" ಅಂದರು. ಅವಾಗ ಇವರು ಅತ್ತರು. ಒಂಬತ್ತು ದಿನದಲ್ಲಿ ಮೊದಲ ಸಲ. ನಾನು ಮೆಟ್ಟಿಲ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡಿದ್ದೆ.

ಮರುದಿನ ನಾನೇ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಹಚ್ಚಿ ಇವರ ಕೈಗೆ ಕೊಟ್ಟೆ. ಅಲ್ಲಿಯವರು ಕನ್ನಡದಲ್ಲೇ ಮಾತಾಡಿದರು, ಮತ್ತೆ ಎರಡು ಸಲ ಮಾತಾಡಿದರು. ಇವರು ಈಗಲೂ ಪೂರ್ತಿ ಸರಿಯಾಗಿದ್ದಾರೆ ಅಂತ ಹೇಳಲ್ಲ, ಊಟ ಮಾಡುತ್ತಿದ್ದಾರೆ. ಇದನ್ನು ಅವರನ್ನು ಕೇಳಿಯೇ ಬರೆದಿದ್ದೇನೆ.

ಅಮ್ಮನಿಗೆ ಓದಲು ಬರಲ್ಲ, ಮೊಮ್ಮಗ ಓದಿ ಹೇಳುತ್ತಾನಂತೆ. ಇವತ್ತು ಬೆಳಿಗ್ಗೆ ಮಾಸ್ಕ್ ಹಾಕಿಕೊಂಡು ಉಳಿದ ಉಂಡಿ ತಗೊಂಡು ಅವರ ಬಾಗಿಲಿಗೆ ಹೋದೆ. ಏನೇನೋ ಹೇಳಬೇಕು ಅಂದುಕೊಂಡಿದ್ದೆ, ಗಂಟಲು ಕಟ್ಟಿತು. ಅವರು ಡಬ್ಬಿ ಮುಚ್ಚಳ ತೆಗೆದು ಒಂದನ್ನು ಒತ್ತಿ ನೋಡಿ, "ಕಲ್ಲಾಗ್ಯಾವಲ್ಲ ಯವ್ವಾ, ನನಗ ಹಲ್ಲೆಲ್ಲಿ ಅದಾವ?" ಅಂದರು.